ಬಾಕಿ ಪಗಾರ

ಡೊಂಬಿವಲಿ,
ಭಾನುವಾರ

ಚಿರಂಜೀವಿ ಸುಧಾಕರನಿಗೆ ನಿನ್ನ ಮಾವನ ಆಶೀರ್ವಾದಗಳು.

ಚೌತಿಗೆ ಪುಣೆಗೆ ಬಂದಾಗ ನನ್ನನ್ನು ಚೆನ್ನಾಗಿ ನೋಡಿಕೊಂಡೆ. ಗಲ್ಲಾದಲ್ಲಿ ಕುಳಿತ ನಿನ್ನನ್ನು ಕಂಡು, ಇದನ್ನು ನೋಡಲು ಅಕ್ಕ ಇರಬೇಕಿತ್ತು ಎಂದುಕೊಂಡೆ. ಆದರೆ ಹೊರಡುವಾಗ ಒಂದು ಮಾತನ್ನು ನುಂಗಿಕೊಂಡು ಬಂದೆ. ಫೋನಿನಲ್ಲಿ ಹೇಳಿದರೆ ಗಿರಾಕಿ ಬಂದರೆಂದು ನೀನು ಇಟ್ಟುಬಿಡುತ್ತೀಯೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಚೈನೀಸ್ ಕೌಂಟರಿನ ಮೂವರು ಹುಡುಗರ ವಿಷಯ. ಕೇಳಿದವರಿಗೆಲ್ಲ ಮಿಜೋರಾಮಿನವರು ಎನ್ನುತ್ತೀಯೆ. ಅವರು ಗಡಿಯಾಚೆಯ ಮ್ಯಾನ್ಮಾರಿನವರು, ಅಲ್ಲಿನ ಚಿನ್ ಎಂಬ ಬುಡಕಟ್ಟಿನ ಜನ ಎಂಬುದು ನಿನಗೆ ಗೊತ್ತು. ಗೊತ್ತಿರುವುದರಿಂದಲೇ ಉಳಿದ ಮಾಣಿಗಳಿಗೆ ಕೊಡುವುದರ ಅರ್ಧ ಪಗಾರ ಅವರಿಗೆ. ಆ ಅರ್ಧವೂ ಕೈಗೆ ಬರುವುದಿಲ್ಲ, 'ನನ್ನ ಹತ್ತಿರ ಜಮೆ ಇದೆ' ಎನ್ನುತ್ತೀಯೆ.

ಎರಡನೆಯ ರಾತ್ರಿ ಬಾಗಿಲು ಹಾಕಿದ ಮೇಲೆ ಅವರಲ್ಲಿ ಕಿರಿಯವನು ಮೋರಿಯ ಹತ್ತಿರ ಕಡಾಯಿ ತಿಕ್ಕುತ್ತಿದ್ದ. ನಿದ್ದೆ ಬಾರದೆ ನಾನು ಅಲ್ಲಿ ಸ್ಟೂಲಿನ ಮೇಲೆ ಕುಳಿತೆ. ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ಅವನು ಊರಿನ ಸುದ್ದಿ ಹೇಳಿ, ಮೊಬೈಲಿನಲ್ಲಿ ಚಿತ್ರ ತೋರಿಸಿದ. ಥಾಂಟ್ಲಾಂಗ್ ಎಂಬ ಗುಡ್ಡದ ಮೇಲಿನ ಪಟ್ಟಣ. 2021ರ ಫೆಬ್ರುವರಿ 1ರಂದು ಅಲ್ಲಿನ ಸೈನ್ಯ ಅಧಿಕಾರ ಕಿತ್ತುಕೊಂಡಿತಲ್ಲ, ಅದೇ ವರ್ಷ ಸೆಪ್ಟೆಂಬರಿನಿಂದ ಆ ಪಟ್ಟಣ ಮತ್ತೆ ಮತ್ತೆ ಹೊತ್ತಿ ಉರಿಯಿತು. ಬೆಂಕಿ ಆರಿಸಲು ಓಡಿದ ಪಾದ್ರಿಯೊಬ್ಬರನ್ನು ಗುಂಡಿಟ್ಟು ಕೊಂದರು. ಊರಿಗೆ ಊರೇ ಗುಳೆ ಎದ್ದಿತು. ಅವರು ತಿಯಾವ್ ನದಿ ದಾಟಿದರೆ ಈಚೆ ನಮ್ಮ ಮಿಜೋರಾಮ್. ನದಿಯ ಎರಡೂ ದಡದವರು ಒಂದೇ ಬೇರಿನ ಜನ. ಬಂದವರನ್ನು ತಡೆಯಬೇಕೆಂದು ಮಾರ್ಚ್ ತಿಂಗಳಲ್ಲೇ ಕೇಂದ್ರ ಗೃಹ ಸಚಿವಾಲಯ ಪತ್ರ ಬರೆದಿದ್ದರೂ ಮಿಜೋ ಜನರು ಮನೆ, ಚರ್ಚು, ಶಾಲೆಗಳಲ್ಲಿ ಜಾಗ ಕೊಟ್ಟರು. ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಅಲ್ಲಿ ಸೇರಿದರು. ಅಷ್ಟು ಜನಕ್ಕೆ ಕೆಲಸ ಎಲ್ಲಿಂದ ಬರಬೇಕು? ಹುಡುಗರು ರೈಲು ಹತ್ತಿದರು. ಆ ನಂಟು ಪುಣೆಯವರೆಗೆ ಬರುವುದಿಲ್ಲ. ಇಲ್ಲಿ ಅವರಿಗೆ ಇರುವವನು ನೀನೊಬ್ಬನೇ.

ನನ್ನ ಕಥೆ ನಿನಗೆ ಪೂರ್ತಿ ಹೇಳಿಲ್ಲ. 1964ರಲ್ಲಿ ಹನ್ನೆರಡರ ಹುಡುಗನಾಗಿ ಕುಂದಾಪುರದಿಂದ ಬಂದವನು ನಾನು. ಮೊದಲ ಮಾಲಕರು ಮೂರು ವರ್ಷ 'ನಿನ್ನ ಪಗಾರ ನನ್ನ ಹತ್ತಿರ ಭದ್ರವಾಗಿದೆ' ಎಂದರು. ಒಂದು ದಿನ ಒಂದು ಗ್ಲಾಸು ಒಡೆದ ನೆಪಕ್ಕೆ ಹೊರಗೆ ಹಾಕಿದರು. ಆ ಮೂರು ವರ್ಷದ ದುಡ್ಡು ಇವತ್ತಿಗೂ ಬಂದಿಲ್ಲ. ಎಪ್ಪತ್ತು ದಾಟಿದೆ, ಆ ಲೆಕ್ಕ ಮಾತ್ರ ಮರೆತಿಲ್ಲ. ದಕ್ಷಿಣದವರ ಹೋಟೆಲುಗಳಿಗೆ ಕಲ್ಲು ಬೀಳುತ್ತಿದ್ದ ಆ ಕಾಲದಲ್ಲಿ ನಮಗೂ ಹೆದರಿಕೆ ಇತ್ತು. ಆದರೆ ನಾವು ಬಸ್ಸು ಹತ್ತಿ ಊರಿಗೆ ಹೋದೆವು. ಅಮ್ಮ ಗಂಜಿ ಬಡಿಸಿದಳು, ಗಲಾಟೆ ತಣ್ಣಗಾದ ಮೇಲೆ ತಿರುಗಿ ಬಂದೆವು. ಆ ಹುಡುಗ ಬಸ್ಸು ಹತ್ತಿ ಎಲ್ಲಿಗೆ ಹೋಗಬೇಕು?

ಕಾಗದದ ವಿಷಯವನ್ನೂ ಹೇಳುತ್ತೇನೆ. ನನ್ನ ಹುಟ್ಟಿದ ದಿನ ಜೂನ್ 1 ಎಂದಿದೆಯಲ್ಲ, ಅದು ಇಲ್ಲಿನ ಕನ್ನಡ ರಾತ್ರಿ ಶಾಲೆಯ ಮಾಸ್ತರರು ಅಂದಾಜಿನಲ್ಲಿ ಬರೆದದ್ದು. ಕೈಯಲ್ಲಿ ಒಂದು ಚೀಟಿಯೂ ಇಲ್ಲದ ನನ್ನನ್ನು ಅವರು ಬೆಂಚಿನ ಮೇಲೆ ಕೂರಿಸಿಕೊಂಡರು. ರೇಷನ್ ಕಾರ್ಡಿನಿಂದ ಪಾಸ್‌ಪೋರ್ಟಿನವರೆಗೆ ನನ್ನ ಎಲ್ಲ ದಾಖಲೆಗಳ ಬುಡ ಆ ಒಂದು ಸಾಲು. ಕಾಗದವಿಲ್ಲದವನು ಕಳ್ಳ ಎಂದು ನೀನು ಅಂದಾಗ ನನಗೆ ಅದಕ್ಕೇ ನೋವಾಯಿತು.

ಹಾಗೆಂದು ಏಜೆಂಟನ ಮಾತು ಕೇಳಿ ಅವರಿಗೆ ಸುಳ್ಳು ಆಧಾರ್ ಮಾಡಿಸಲು ಹೋಗಬೇಡ. ಇವತ್ತು ಅವರು ಜೀವ ಉಳಿಸಿಕೊಳ್ಳಲು ಓಡಿ ಬಂದವರು. ಆ ಕಾರ್ಡು ಸಿಕ್ಕಿಬಿದ್ದ ದಿನ ಖೊಟ್ಟಿ ದಾಖಲೆಯ ಆರೋಪಿಗಳಾಗುತ್ತಾರೆ, ಅವರ ನಿಜವನ್ನು ಆಮೇಲೆ ಯಾರೂ ಕೇಳುವುದಿಲ್ಲ. ನಮ್ಮ ದೇಶ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಅವರಿಗಾಗಿ ಬೇರೆ ಕಾಯಿದೆಯೂ ಇಲ್ಲ. ವಿದೇಶೀಯರ ಕುರಿತ ಹೊಸ ಕಾಯಿದೆ 2025ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಅವರನ್ನು ಇಟ್ಟುಕೊಂಡ ನಿನಗೂ ಅದರಿಂದ ತೊಂದರೆ ಬರಬಹುದು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಅರುಣಾಚಲದಲ್ಲಿ ನೆಲೆಸಿದ್ದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ, ಸಂವಿಧಾನದ 21ನೇ ವಿಧಿ ಕೊಡುವ ಜೀವರಕ್ಷಣೆ ಪೌರರಲ್ಲದವರಿಗೂ ಇದೆ ಎಂದು ಹೇಳಿತು. 2021ರ ಮೇ ತಿಂಗಳಲ್ಲಿ ಮಣಿಪುರ ಹೈಕೋರ್ಟ್ ಮ್ಯಾನ್ಮಾರಿನ ಏಳು ಮಂದಿಗೆ ದೆಹಲಿಯ ವಿಶ್ವಸಂಸ್ಥೆ ನಿರಾಶ್ರಿತರ ಕಚೇರಿಗೆ ಹೋಗಲು ದಾರಿ ಮಾಡಿಕೊಟ್ಟಿತು. ದೆಹಲಿಯಲ್ಲಿ ಅಂಥ ಚಿನ್ ಕುಟುಂಬಗಳು ಮ್ಯಾನ್ಮಾರಿನ 1988ರ ಗಲಭೆಯ ನಂತರದಿಂದ ಇವೆ. ಆ ಕಚೇರಿ ಕೊಡುವ ಕಾರ್ಡು ವೀಸಾ ಅಲ್ಲ, ಕೆಲಸದ ಪರವಾನಗಿಯೂ ಅಲ್ಲ. ಆದರೂ ಇವನು ಇಂಥವನು, ಇಂಥ ಕಾರಣಕ್ಕೆ ಬಂದವನು ಎಂದು ಎಲ್ಲಿಯೋ ಒಂದು ಕಡೆ ಬರೆದಿರುತ್ತದೆ. ಆದ್ದರಿಂದ ಈ ವಾರವೇ ಒಳ್ಳೆಯ ವಕೀಲರನ್ನು ಕಾಣು. ಅವರ ಶುಲ್ಕ ನಾನು ಕೊಡುತ್ತೇನೆ.

ವಕೀಲರು ಇಟ್ಟುಕೊಳ್ಳುವುದು ಸಾಧ್ಯವಿಲ್ಲ ಎಂದರೆ ಹುಡುಗರನ್ನು ಕೂರಿಸಿಕೊಂಡು ನೇರವಾಗಿ ಹೇಳು, ಬಾಕಿ ಚುಕ್ತಾ ಮಾಡು, ದೆಹಲಿಗೆ ಟಿಕೆಟ್ ತೆಗೆಸಿಕೊಡು. ಪಗಾರ ಕೇಳಿದವನಿಗೆ 'ಪೊಲೀಸರಿಗೆ ಫೋನ್ ಮಾಡುತ್ತೇನೆ' ಎಂದೆಯಂತಲ್ಲ, ಅದನ್ನು ಇನ್ನೊಮ್ಮೆ ಹೇಳಬೇಡ ಸುಧಾಕರ. ಬೆಂಕಿಯಿಂದ ಓಡಿ ಬಂದವನ ಹೆದರಿಕೆಯಿಂದ ನಿನ್ನ ಗಲ್ಲಾ ತುಂಬಬಾರದು. ನಿನ್ನ ಅಮ್ಮ ಇದ್ದಿದ್ದರೆ ಆ ದುಡ್ಡನ್ನು ಮುಟ್ಟುತ್ತಿರಲಿಲ್ಲ.

ಇನ್ನೊಂದು. ಭಾನುವಾರ ಬೆಳಿಗ್ಗೆ ಅವರಿಗೆ ಪ್ರಾರ್ಥನೆ ಇರುತ್ತದೆ. ನಿನಗೆ ಅಂದೇ ಗಿರಾಕಿ ಹೆಚ್ಚು, ಗೊತ್ತು. ಚೈನೀಸ್ ಕೌಂಟರನ್ನು ಮಧ್ಯಾಹ್ನದ ಮೇಲೆ ತೆರೆ. ಅವರ ಹೆಸರು ಕಲಿತುಕೋ. ಕಿರಿಯವನು ತನ್ನ ಹೆಸರನ್ನು ನನಗೆ ನಾಲ್ಕು ಸಲ ಹೇಳಿಕೊಟ್ಟ. ಅದನ್ನು ಇಲ್ಲಿ ಬರೆಯುವುದಿಲ್ಲ, ಕಾಗದ ಯಾರ ಕೈಗೆ ಹೋಗುತ್ತದೋ. ನೀನೇ ಕೇಳು.

ದೀಪಾವಳಿಗೆ ಮೊದಲು ಬರುತ್ತೇನೆ. ಮೂವರ ಲೆಕ್ಕವನ್ನು ಬೇರೆ ಬೇರೆ ಹಾಳೆಯಲ್ಲಿ, ಸೇರಿದ ದಿನದಿಂದ, ಪೂರ್ತಿ ಪಗಾರದಂತೆ ಬರೆದಿಡು. ನಿನ್ನಲ್ಲಿ ಈಗ ಅಷ್ಟು ನಗದು ಇಲ್ಲದಿದ್ದರೆ ಹೇಳು, ನನ್ನ ಪೋಸ್ಟಿನ ಠೇವಣಿ ಬಿಡಿಸಿಕೊಂಡು ಬರುತ್ತೇನೆ.

ಇಂತು ನಿನ್ನ ಸೋದರಮಾವ