ಸ್ವಂತ ನ್ಯೂಸ್‌ಲೆಟರ್: ಚಂದಾಕ್ಕೆ ಮೊದಲು ಲೆಕ್ಕಶೀರ್ಷಿಕೆ

ಮಾನ್ಯ ಸಂಪಾದಕರೆ,

ಸಂಬಳದ ಕೆಲಸ ಬಿಟ್ಟು ಸ್ವಂತವಾಗಿ ನೀತಿ ವಿಶ್ಲೇಷಣೆಗೆ ಇಳಿದವರಲ್ಲಿ ಅನೇಕರು ಮೊದಲು ಇಮೇಲ್ ನ್ಯೂಸ್‌ಲೆಟರ್‌ಗೆ ಹೆಸರಿಟ್ಟು ಚಂದಾ ಕೇಳುತ್ತಾರೆ. ವರ್ಷದ ಚಂದಾ ಕೈಗೆ ಬಂದ ದಿನವೇ ಇಪ್ಪತ್ತನಾಲ್ಕು ಪಾಕ್ಷಿಕ ಸಂಚಿಕೆಗಳ ಸಾಲ ತಲೆಮೇಲೆ ಕೂರುತ್ತದೆ. ಆರನೆಯ ಸಂಚಿಕೆಯ ಹೊತ್ತಿಗೆ ಸರಕು ಖಾಲಿ. ‘ರಾಜ್ಯದ ಆಡಳಿತ’ ಎಂಬಷ್ಟು ಅಗಲದ ವಿಷಯ ಇಟ್ಟುಕೊಂಡರಂತೂ ನಿಮ್ಮ ಪತ್ರಿಕೆಯಲ್ಲಿ ಬಂದದ್ದನ್ನೇ ಮೂರು ದಿನ ತಡವಾಗಿ ಬರೆಯಬೇಕಾಗುತ್ತದೆ.

ಬಜೆಟ್ಟಿನ ಒಂದೇ ಲೆಕ್ಕಶೀರ್ಷಿಕೆ, ಅಂದರೆ ಒಂದು ಬಾಬಿನ ಖರ್ಚಿಗೆ ಕೊಟ್ಟ ಸಂಖ್ಯೆ, ಹಿಡಿದರೆ ಸಾಕು. 2215 ಎಂದರೆ ನೀರು ಸರಬರಾಜು ಮತ್ತು ನೈರ್ಮಲ್ಯ, 2210 ಎಂದರೆ ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯ. 2025ರ ಮಾರ್ಚ್ 7ರಂದು ಮಂಡನೆಯಾದ ರಾಜ್ಯ ಬಜೆಟ್ಟನ್ನೇ ನೋಡಿ, ಅದರಲ್ಲಿ ನಾಲ್ಕು ಅಂಕಣ: 2023–24ರ ಲೆಕ್ಕ, 2024–25ರ ಬಜೆಟ್ ಅಂದಾಜು, ಅದೇ ವರ್ಷದ ಪರಿಷ್ಕೃತ ಅಂದಾಜು, 2025–26ರ ಅಂದಾಜು. ಹೊಸಬರು ಅಂದಾಜಿಗೆ ಅಂದಾಜು ಹೋಲಿಸಿ ‘ಅನುದಾನ ಏರಿಕೆ’ ಎಂದುಬಿಡುತ್ತಾರೆ. ನಿಜವಾಗಿ ಖರ್ಚಾದದ್ದು ಎರಡು ವರ್ಷ ಹಿಂದಿನ ‘ಲೆಕ್ಕ’ದ ಅಂಕಣದಲ್ಲಷ್ಟೇ ಸಿಗುತ್ತದೆ. ಐದು ವರ್ಷದ ಬಜೆಟ್ ಸಂಪುಟ ತೆಗೆದು, ವರ್ಷಕ್ಕೆ ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ಲೆಕ್ಕ ಎಂಬ ಮೂರು ಅಂಕಿಯಂತೆ ಒಂದು ಶೀಟ್ ಮಾಡಿಕೊಂಡರೆ ಅದೇ ಬಂಡವಾಳ. ಭಾಷಣದಲ್ಲಿ ಕೋಟಿ, ಸಂಪುಟದಲ್ಲಿ ಲಕ್ಷ; ಪುಟದ ನೆತ್ತಿ ನೋಡದೆ ಬರೆದರೆ ನೂರು ಪಟ್ಟು ತಪ್ಪು.

ಮಾಹಿತಿ ಹಕ್ಕಿನ ಅರ್ಜಿಯನ್ನು ಸಂಚಿಕೆಗೆ ಎರಡು ತಿಂಗಳು ಮೊದಲೇ ಹಾಕಬೇಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಅರ್ಜಿಗೆ ಒಂದೇ ವಿಷಯ, 150 ಪದ. ಎರಡು ವಿಷಯ ತುರುಕಿದರೆ ವಾಪಸ್ ಕಳಿಸಲು ನೆಪ ಸಿಕ್ಕಂತೆ. ಉತ್ತರ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರದ ಪಿಡಿಎಫ್ ಆಗಿದ್ದರೆ ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಅರ್ಕಾವತ್ತಿನ ಪದಗಳನ್ನು ಕಣ್ಣಿಟ್ಟು ತಿದ್ದಬೇಕು. ‘ಖರ್ಚು’, ‘ವರ್ಷ’ ಎಲ್ಲ ಪುಟದಲ್ಲೂ ಬರುವ ಪದಗಳೇ!

ಮೊದಲ ಎಂಟು ಸಂಚಿಕೆ ಉಚಿತವಾಗಿ ಕಳಿಸಿ. ಕನ್ನಡಕ್ಕೇ ಇರುವ ಒಂದು ತೊಡಕು ಗೊತ್ತಾಗುವುದು ಆಗಲೇ. ಜಿಮೇಲ್ ಸುಮಾರು 102 ಕೆಬಿ ದಾಟಿದ ಪತ್ರವನ್ನು ಮಧ್ಯದಲ್ಲೇ ಕತ್ತರಿಸುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್. ನಮ್ಮ ‘ಕ್ಷೇ’ ಒಂದಕ್ಕೇ ಹನ್ನೆರಡು, ಏಕೆಂದರೆ ಅದರಲ್ಲಿ ಕ, ವಿರಾಮ, ಷ, ಏತ್ವ ಎಂದು ನಾಲ್ಕು ಸಂಕೇತ, ತಲಾ ಮೂರು ಬೈಟ್. ಉದ್ದ ಲೇಖನ, ಅದರೊಳಗೆ ಕೋಷ್ಟಕ, ಜೊತೆಗೆ ಬಣ್ಣದ ಟೆಂಪ್ಲೇಟ್ ಸೇರಿದರೆ ಮಿತಿ ಮುಗಿಯಿತು. ಕತ್ತರಿಯಲ್ಲಿ ಹೋಗುವುದು ಪತ್ರದ ಬಾಲ. ‘ಇನ್ನು ಕಳಿಸಬೇಡಿ’ ಎಂಬ ಕೊಂಡಿ ಇರುವುದೂ ಅಲ್ಲೇ. ಕೊಂಡಿ ಕಾಣದ ಓದುಗ ‘ಸ್ಪ್ಯಾಮ್’ ಒತ್ತುತ್ತಾನೆ. ದೂರು ಶೇ 0.3ಕ್ಕೆ ಮುಟ್ಟಿದರೆ ಉಳಿದವರ ಪತ್ರವೂ ಕಸದಬುಟ್ಟಿ ಸೇರತೊಡಗುತ್ತದೆ. ಆದ್ದರಿಂದ ಆ ಕೊಂಡಿ ಮೇಲ್ಗಡೆಯೇ ಇರಲಿ, ಕೋಷ್ಟಕ ಹೊರಗಿನ ಕಡತದಲ್ಲಿರಲಿ. ಸ್ವಂತ ಡೊಮೇನ್ (ಜಾಲವಿಳಾಸ) ಕೊಂಡು, ಪತ್ರ ನಿಮ್ಮಿಂದಲೇ ಬಂದದ್ದೆಂದು ತೋರಿಸುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ದಾಖಲೆಗಳನ್ನು ಮೊದಲ ದಿನವೇ ಹಾಕಿಸಿ. ವಿಸಿಟಿಂಗ್ ಕಾರ್ಡ್ ನೋಡಿ ವಿಳಾಸ ತುಂಬಿಸುವ ಚಟ ಬೇಡ.

ಇನ್ನು ದುಡ್ಡು. ಸಬ್‌ಸ್ಟ್ಯಾಕ್ ಎಂಬ ನ್ಯೂಸ್‌ಲೆಟರ್ ತಾಣದಲ್ಲಿ ಚಂದಾ ಪಡೆಯಲು ಸ್ಟ್ರೈಪ್ ಎಂಬ ಪಾವತಿ ಕಂಪನಿಯ ಖಾತೆ ಬೇಕು. ಭಾರತದಲ್ಲಿ 2024ರಿಂದ ಸ್ಟ್ರೈಪ್ ಹೊಸ ಖಾತೆಯನ್ನು ಆಹ್ವಾನ ಇದ್ದವರಿಗಷ್ಟೇ ಕೊಡುತ್ತಿದೆ. ತಿಂಗಳಿಗೆ 50 ರೂಪಾಯಿಯ ಚಂದಾ ಇಟ್ಟರೆ ಖಾತೆಯಿಂದ ತಾನಾಗಿ ಆಗುವ ಪ್ರತಿ ಕಡಿತಕ್ಕೆ ಕನಿಷ್ಠ 24 ತಾಸು ಮೊದಲು ಬ್ಯಾಂಕಿನಿಂದ ಸಂದೇಶ ಹೋಗಲೇಬೇಕು. ಅಂದರೆ ವರ್ಷಕ್ಕೆ ಹನ್ನೆರಡು ಸಲ ‘ಬಿಡಲೇ?’ ಎಂದು ನೀವೇ ಕೇಳಿದಂತೆ. ಅದರ ಬದಲು ವರ್ಷಕ್ಕೆ 600 ರೂಪಾಯಿ, ಒಂದೇ ಕಂತು, ಯುಪಿಐ ಮೂಲಕ. ಮೊದಲ ನೂರು ಮಂದಿಯ ಲೆಕ್ಕ ಒಂದು ಶೀಟಿನಲ್ಲಿ ನಡೆಯುತ್ತದೆ. ಹಣ ದಾಟಿಸಿಕೊಡುವ ಪಾವತಿ ಗೇಟ್‌ವೇ ಬಂದರೆ ಶೇ 2 ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ ಎಂದು ಹಿಡಿದರೆ 600ಕ್ಕೆ 14 ರೂಪಾಯಿ 16 ಪೈಸೆ ಹೋಗುತ್ತದೆ.

ಐನೂರು ಚಂದಾದಾರರೆಂದರೆ 3 ಲಕ್ಷ. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಮಿತಿ 20 ಲಕ್ಷವಾದ್ದರಿಂದ ನಿಶ್ಚಿಂತೆ ಎನಿಸಬಹುದು. ಆದರೆ ಅದೇ ಪ್ಯಾನ್‌ನಲ್ಲಿ ಬರುವ ಸಲಹೆಗಾರಿಕೆಯ ಶುಲ್ಕವೂ ಅದಕ್ಕೆ ಕೂಡುತ್ತದೆ. ಚಂದಾದಿಂದಷ್ಟೇ ಮನೆ ನಡೆಯದು, ಸಲಹೆಗಾರಿಕೆ ಬಿಡಲಾಗದು. ಹಾಗಿದ್ದಮೇಲೆ ಸಂಚಿಕೆಯಲ್ಲಿ ಚರ್ಚಿಸಿದ ಇಲಾಖೆ ಅಥವಾ ಅದರ ಗುತ್ತಿಗೆದಾರರಿಂದ ಆ ವರ್ಷ ಹಣ ಪಡೆದಿದ್ದರೆ ಮೊದಲ ಪ್ಯಾರಾದಲ್ಲೇ ಹೇಳಿಬಿಡಬೇಕು, ಅಡಿಟಿಪ್ಪಣಿಯಲ್ಲಲ್ಲ. ಅಡಿಟಿಪ್ಪಣಿಯನ್ನು ಜಿಮೇಲ್ ಕತ್ತರಿಸಿರುತ್ತದೆ.

– ಸ್ವತಂತ್ರ ನೀತಿ ವಿಶ್ಲೇಷಕ, ಬೆಂಗಳೂರು