ಹಾರಂಗಿ ಹೂಳು ಎತ್ತುವ ಮೊದಲು ಒಂದು ಕೊಳವೆ ಇಳಿಸಿ

ಸಂಪಾದಕರಿಗೆ ನಮಸ್ಕಾರ.

ನಮ್ಮ ಕೊಡಗಿನ ಹಾರಂಗಿ ಅಣೆಕಟ್ಟಿನ ಹೂಳು ತೆಗೆಯಬೇಕು ಅನ್ನುವ ಮಾತು ಆಗಾಗ ಬರುತ್ತಲೇ ಇರುತ್ತದೆ. ತೆಗೆಯಲಿ, ಬೇಡ ಅನ್ನುವುದಿಲ್ಲ. ಆದರೆ ಯಂತ್ರ ಇಳಿಸುವ ಮೊದಲು ಆ ಹೂಳಲ್ಲಿ ಏನಿದೆ ಅಂತ ಪದರ ಪದರವಾಗಿ ಪರೀಕ್ಷೆ ಮಾಡಿಸಿ.

ಸಮುದ್ರ ವಿಜ್ಞಾನಿಗಳು ಮಾಡುವುದು ಇದನ್ನೇ. ತಳಕ್ಕೆ ಕೊಳವೆ ಚುಚ್ಚಿ, ಪದರ ಕಲಸದಂತೆ ಕೆಸರನ್ನು ಮೇಲೆತ್ತುತ್ತಾರೆ. ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯ ಹತ್ತಿರ ಆಳದ ನೀರು ಪೋಷಕಾಂಶ ಹೊತ್ತು ಮೇಲೆ ಬರುತ್ತದೆ, ಅದರಿಂದ ಕಣ್ಣಿಗೆ ಕಾಣದ ಪಾಚಿ ಹುಲುಸಾಗುತ್ತದೆ, ನಮ್ಮ ಸಂತೆಗೆ ಬರುವ ಮತ್ತಿ ಮೀನು ಬದುಕುವುದೂ ಅದನ್ನು ನಂಬಿಕೊಂಡೇ. ಪಾಚಿ ಸತ್ತು ತಳ ಸೇರಿದಾಗ ಸಾವಯವ ಇಂಗಾಲ, ಸಿಲಿಕಾ, ಬೇರಿಯಂ ಗುರುತು ಉಳಿಯುತ್ತದೆ, ಯಾವ ಕಾಲದಲ್ಲಿ ಪಾಚಿ ಎಷ್ಟಿತ್ತು ಅಂತ ಅದರಿಂದ ಅಂದಾಜು ಮಾಡುತ್ತಾರೆ. ಆದರೆ ಆಮ್ಲಜನಕ ತೀರಾ ಕಮ್ಮಿ ಇರುವ ಕೆಸರಲ್ಲಿ ಬೇರಿಯಂ ಕರಗಿಬಿಡಬಹುದು. ಹಾಗಾಗಿ ಒಂದೇ ಗುರುತನ್ನು ಯಾರೂ ನಂಬುವುದಿಲ್ಲ.

ಮಾಲಿನ್ಯಕ್ಕೂ ಹೀಗೇ ಗುರುತುಗಳಿವೆ, ನಮಗೆ ಬೇಕಾಗಿರುವುದು ಅದು. ನೀರು ಕೆಟ್ಟಾಗಲೆಲ್ಲ ಪಲ್ಪಿಂಗ್ ನೀರು (ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನೀರು) ಬಿಟ್ಟರು ಅಂತ ತೋಟದವರನ್ನು ಬೈಯುತ್ತಾರೆ. ತೋಟದವರು ಪೇಟೆ ಕಡೆ, ಹೋಂಸ್ಟೇ ಕಡೆ ಕೈ ತೋರಿಸುತ್ತಾರೆ. ಸುಮ್ನೆ ಜಗಳ! ಮನುಷ್ಯರ ಕರುಳಿನ ಬ್ಯಾಕ್ಟೀರಿಯಾ ಕೊಲೆಸ್ಟರಾಲನ್ನು ಕೊಪ್ರೊಸ್ಟನಾಲ್ ಅನ್ನುವ ವಸ್ತುವಾಗಿ ಮಾಡುತ್ತದೆ. ಅದು ಹೂಳಲ್ಲಿ ಜಾಸ್ತಿ ಸಿಕ್ಕರೆ ಕಕ್ಕಸಿನ ನೀರು ಸೇರಿದೆ ಅಂತಲೇ ಲೆಕ್ಕ. ದನದ ಸಗಣಿಯ ಗುರುತು ಬೇರೆ. ಇನ್ನು ನಾವು ಬೆಳೆಗಾರರು ಕಾಫಿಗೆ, ಮೆಣಸಿಗೆ ವರ್ಷ ವರ್ಷ ಕೊಳೆರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇದೆ, ಅಂದರೆ ತಾಮ್ರ. ಅದೂ ಕಾಣುತ್ತದೆ, ಮುಚ್ಚಿಡುವುದೇನೂ ಬೇಡ. ಆದರೆ ನುಣುಪು ಜೇಡಿಯಲ್ಲಿ ತಾಮ್ರ ಸಹಜವಾಗಿಯೇ ಜಾಸ್ತಿ ಇರುತ್ತದೆ, ಅದಕ್ಕೆ ಆ ಜೇಡಿಯಲ್ಲೇ ಇರುವ ಅಲ್ಯೂಮಿನಿಯಂ ಜೊತೆ ಹೋಲಿಸಿ ನೋಡಬೇಕು. ಬರೀ ತಾಮ್ರದ ಅಂಕಿ ಹಿಡಿದು ತೋಟದವರ ಮೇಲೆ ಬೀಳಬೇಡಿ.

ಯಾವ ಪದರ ಯಾವ ವರ್ಷದ್ದು ಅನ್ನುವುದನ್ನು ಸೀಸ-210 ಅನ್ನುವ, ವಿಕಿರಣ ಸೂಸುತ್ತಾ ತಾನಾಗಿ ಕಮ್ಮಿಯಾಗುವ ಸೀಸ ಹೇಳುತ್ತದೆ. ಸುಮಾರು 22 ವರ್ಷಕ್ಕೊಮ್ಮೆ ಅದು ಅರ್ಧಕ್ಕಿಳಿಯುತ್ತದೆ, ನಮ್ಮ ಅಣೆಕಟ್ಟಿನ ವಯಸ್ಸಿಗೆ ಧಾರಾಳ ಸಾಕು. ಅದರ ಜೊತೆಗೆ 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮಾದಾಪುರ ಕಡೆ ಗುಡ್ಡ ಜಾರಿ ಬಂದ ಮಣ್ಣೇ ಒಂದು ದಪ್ಪ ಪದರವಾಗಿ ಕೂತಿರಬೇಕು, ಅಲ್ವಾ? ಅದಕ್ಕಿಂತ ಕೆಳಗಿನದು ಹಿಂದಿನದು, ಮೇಲಿನದು ಆಮೇಲಿನದು.

ಕೊಳವೆಯನ್ನು ಮಾತ್ರ ಹಳೇ ಹೊಳೆ ಹರಿಯುತ್ತಿದ್ದ ಆಳದ ಜಾಗದಲ್ಲೇ ಇಳಿಸಬೇಕು. ಅಂಚಿನ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿದು, ಮಳೆಗೆ ಮತ್ತೆ ಕೊಚ್ಚಿಹೋಗಿರುತ್ತದೆ, ಅದರಲ್ಲಿ ಏನೂ ಗೊತ್ತಾಗುವುದಿಲ್ಲ. ಹೂಳೆತ್ತುವ ಯಂತ್ರ ಒಮ್ಮೆ ಓಡಾಡಿದರೆ ಆಳದ್ದೂ ಅಷ್ಟೇ.

ಇನ್ನೊಂದು ವಿಷಯ. ಎತ್ತಿದ ಹೂಳನ್ನು ಗೊಬ್ಬರ ಅಂತ ಗದ್ದೆಗೆ ಹಾಕುವ ಯೋಚನೆ ಇದ್ದರೆ ಅದರಲ್ಲಿ ಏನೇನಿದೆ ಅಂತ ಮೊದಲು ತಿಳಿಯಬೇಕು. ಪರೀಕ್ಷೆಯ ವರದಿ ಕನ್ನಡದಲ್ಲೇ ಬರಲಿ, ಪಂಚಾಯಿತಿ ಕಚೇರಿಯಲ್ಲಿ ಯಾರು ಕೇಳಿದರೂ ಸಿಗಲಿ.

– ಒಬ್ಬ ಕಾಫಿ ಬೆಳೆಗಾರ, ಸುಂಟಿಕೊಪ್ಪ