31ನೇ ಪುಟದಲ್ಲಿ ಸಿಕ್ಕ ಬಸ್ ಟಿಕೆಟ್

ಮಗಳೇ,

ಪಾರ್ಸೆಲ್ ಭಾರ ಇದೆ ಅಂತ ಖುಷಿಪಡಬೇಡ. ಚಕ್ಕುಲಿ ಇದೆ, ಆದರೆ ತಳದಲ್ಲಿದೆ. ಮೇಲಿರುವುದು ಆರು ಪುಸ್ತಕ. ಆರೂ ಕನ್ನಡದ್ದು. ಮುಖ ಸಿಂಡರಿಸಿದೆಯಾ? ಗೊತ್ತಿತ್ತು. ಸ್ವಲ್ಪ ತಾಳು.

ಹೋದ ವಾರ ಕಣ್ಣು ತೋರಿಸೋಕೆ ಬೆಂಗಳೂರಿಗೆ ಹೋಗಿದ್ದೆ. ಡಾಕ್ಟರು ಕಣ್ಣಿಗೆ ಹನಿ ಹಾಕಿದರೆ ಆಮೇಲೆ ಮೂರ್ನಾಲ್ಕು ಗಂಟೆ ಅಕ್ಷರವೆಲ್ಲ ಮಂಜು ಮಂಜು. ಹಾಗಾಗಿ ಮೊದಲೇ ಗಾಂಧಿ ಬಜಾರಿನ ಪುಸ್ತಕದ ಅಂಗಡಿಗೆ ಹೋದೆ. ಗಲ್ಲಾದಲ್ಲಿ ಒಬ್ಬ ಹೆಂಗಸು ಇದ್ದರು. "ಏಳನೇ ಕ್ಲಾಸಿನ ಹುಡುಗಿಗೆ ಒಳ್ಳೆ ಕಾದಂಬರಿ ಕೊಡಿ" ಅಂದೆ.

"ಏಳನೇ ಕ್ಲಾಸು ಅಂದ್ರೆ ನನಗೇನೂ ಗೊತ್ತಾಗಲ್ಲ. ಅವಳು ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು ಹೇಳಿ" ಅಂದರು.

ನಿನ್ನ ಗಣಿತದ ಮಾರ್ಕ್ಸ್ ಕೇಳಿದ್ದರೆ ಹೇಳುತ್ತಿದ್ದೆ. ಚಪ್ಪಲಿ ಸೈಜ್ ಕೇಳಿದ್ದರೂ ಹೇಳುತ್ತಿದ್ದೆ. ಇದಕ್ಕೆ ಬಾಯಿ ಕಟ್ಟಿತು. ಆಮೇಲೆ ನೆನಪಾಯಿತು. ನೀನು ಹಾಸ್ಟೆಲಿಗೆ ಹೋದ ಮೇಲೆ ನಿನ್ನ ಕಪಾಟು ಒರೆಸುವಾಗ, ಹುಟ್ಟುಹಬ್ಬಕ್ಕೆ ನಾನೇ ಕೊಟ್ಟಿದ್ದ ಮಹಾಪುರುಷರ ಕತೆಗಳ ಪುಸ್ತಕ ಸಿಕ್ಕಿತ್ತು. 31ನೇ ಪುಟದಲ್ಲಿ ತಾಳಗುಪ್ಪದ ಬಸ್ ಟಿಕೆಟ್. ಅಲ್ಲಿಂದ ಮುಂದೆ ಹಾಳೆ ಹೊಸದಾಗಿಯೇ ಇತ್ತು. "ಚೆನ್ನಾಗಿದೆ ಅಪ್ಪ, ಓದ್ತಿದ್ದೀನಿ" ಅಂತ ಎರಡು ತಿಂಗಳು ಹೇಳಿದ್ದೆಯಲ್ಲ, ಕಳ್ಳಿ!

ಟಿಕೆಟ್ಟಿನ ಕತೆ ಹೇಳಿದೆ. ಅವರು ನಕ್ಕು, "ಹಾಗಾದ್ರೆ ಈ ಸಲ ಮಹಾಪುರುಷರು ಬೇಡ ಬಿಡಿ" ಅಂತ ಎದ್ದರು.

ಕನ್ನಡದ ಮಕ್ಕಳ ಪುಸ್ತಕ ಅಂಗಡಿಯಲ್ಲಿ ಯಾಕೆ ಕಣ್ಣಿಗೆ ಬೀಳಲ್ಲ ಅಂತ ಅವತ್ತು ಗೊತ್ತಾಯಿತು. ಬಹಳಷ್ಟು ಪುಸ್ತಕ ತೆಳ್ಳಗೆ, ಕೆಲವಕ್ಕೆ ಮಧ್ಯದಲ್ಲಿ ಪಿನ್ ಹೊಡೆದಿರುತ್ತಾರೆ ಅಷ್ಟೆ. ಬೆನ್ನಿನ ಮೇಲೆ ಹೆಸರು ಬರೆಯೋಕೂ ಜಾಗ ಇರಲ್ಲ. ಕಪಾಟಿನಲ್ಲಿ ನಿಲ್ಲಿಸಿದರೆ ಮುಗೀತು, ದಪ್ಪ ಪುಸ್ತಕಗಳ ಸಂದಿಯಲ್ಲಿ ಕಾಣೆ. ಅದಕ್ಕೇ ಇವರು ಒಂದು ಮೇಜಿನ ಮೇಲೆ ಮುಖಪುಟ ಕಾಣುವ ಹಾಗೆ ಹರಡಿ, ಒಂದೊಂದಕ್ಕೂ ಚೀಟಿ ಸಿಕ್ಕಿಸಿದ್ದಾರೆ. ಅವರದೇ ಕೈಬರಹ. ಒಂದು ಚೀಟಿಯಲ್ಲಿ "ಮೊದಲ ಹತ್ತು ಪುಟ ಸಹಿಸಿಕೊಳ್ಳಿ" ಅಂತಿತ್ತು. ಯಾವ ಪುಸ್ತಕದ್ದು ಅಂತ ಹೇಳಲ್ಲ. ತನ್ನ ಸರಕಿನ ಬಗ್ಗೆ ಹೀಗೆ ಬರೆಯುವ ಅಂಗಡಿಯವರನ್ನು ನಂಬಬಹುದು ಅನ್ನಿಸಿತು.

ಮೊದಲು ಕೈಗೆ ಬಂದದ್ದು ವಿಜಯಶ್ರೀ ಹಾಲಾಡಿ ಅವರ 'ಸೂರಕ್ಕಿ ಗೇಟ್'. ಸೂರಕ್ಕಿ ಗೊತ್ತಾ? ನಮ್ಮ ದಾಸವಾಳದ ಗಿಡಕ್ಕೆ ಬರುತ್ತಲ್ಲ, ಬಾಗಿದ ಕೊಕ್ಕಿನ ಪುಟಾಣಿ ಹಕ್ಕಿ, ನೀನು ಸನ್‌ಬರ್ಡ್ ಅಂತೀಯಲ್ಲ, ಅದೇ. ಅಷ್ಟು ಒಳ್ಳೆ ಹೆಸರು ನಮ್ಮ ಮನೆಯಲ್ಲೇ ಕಳೆದುಹೋಗಿತ್ತು ನೋಡು. ಆದರೆ ಹಕ್ಕಿಗೆ ಗೇಟ್ ಯಾಕೆ? ಅದನ್ನು ನೀನೇ ಓದಿ ತಿಳಿದುಕೊ. ನಾನು ಯಾವ ಕತೆಯನ್ನೂ ಇಲ್ಲಿ ಬಿಟ್ಟುಕೊಡಲ್ಲ.

ತಮಾಷೆ ಆಗಿದ್ದು 'ಬಾವಲಿ ಗುಹೆ'ಯ ವಿಷಯದಲ್ಲಿ. ಬರೆದವರು ಯಾರು ಅಂತ ತಿರುಗಿಸಿ ನೋಡಿದರೆ ತಮ್ಮಣ್ಣ ಬೀಗಾರ, ಸಿದ್ದಾಪುರದವರು! ನಮ್ಮ ಪಕ್ಕದ ತಾಲೂಕು. ಸಾಗರದಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೆಂಗಳೂರಿಗೆ ಹೋಗಿ, ಜೋಗದ ಆಚೆ ದಡದವರ ಪುಸ್ತಕ ಕೊಂಡುತಂದೆ. ಅಮ್ಮ ಇನ್ನೂ ನಗ್ತಿದ್ದಾಳೆ.

'ಓಡಿ ಹೋದ ಹುಡುಗ' ಬಸು ಬೇವಿನಗಿಡದ ಅವರದು, ಧಾರವಾಡದ ಕಡೆಯವರು. ಹೆಸರು ನೋಡಿ ನೀನು ಇದನ್ನೇ ಮೊದಲು ತೆಗೀತೀಯ ಅಂತ ನನ್ನ ಲೆಕ್ಕ. ದಯವಿಟ್ಟು ಹಾಸ್ಟೆಲಿನಲ್ಲಿ ಪ್ರಯೋಗ ಮಾಡಬೇಡ.

"ಪ್ರಶಸ್ತಿ ಬಂದದ್ದನ್ನೇ ಆರಿಸಿ ತಂದಿದ್ದೀಯ" ಅಂತ ನೀನು ಅಂದೇ ಅಂತೀಯ. ಹೌದು. ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಮೇಲಿನ ಮೂರೂ ಕಾದಂಬರಿ. ಓಡಿಹೋದ ಹುಡುಗನಿಗೆ 2021ರಲ್ಲಿ, ಬಾವಲಿಗೆ 2022ರಲ್ಲಿ, ಸೂರಕ್ಕಿಗೆ 2023ರಲ್ಲಿ ಬಂತು. 2024ರಲ್ಲಿ ಕೃಷ್ಣಮೂರ್ತಿ ಬಿಳಿಗೆರೆ ಅವರ 'ಛೂಮಂತ್ರಯ್ಯನ ಕಥೆಗಳು', 2025ರಲ್ಲಿ ಕೆ. ಶಿವಲಿಂಗಪ್ಪ ಹಂದಿಹಾಳ್ ಅವರ 'ನೋಟ್ ಬುಕ್'. ಇವೆರಡು ಸಣ್ಣ ಕತೆಗಳು, ಸ್ಟಡಿ ಅವರ್ ನಡುವೆ ಒಂದೊಂದು ಮುಗಿಸಬಹುದು. ಪ್ರಶಸ್ತಿಯಿಂದ ಪುಸ್ತಕ ಚೆನ್ನಾಗಿ ಆಗಲ್ಲ, ಒಪ್ಪುತ್ತೇನೆ. ಆದರೆ ಪ್ರಶಸ್ತಿ ಬಂದರೆ ಜನ ಹುಡುಕಿಕೊಂಡು ಬರ್ತಾರೆ, ಪುಸ್ತಕವನ್ನು ಮತ್ತೆ ತರಿಸುವ ಧೈರ್ಯ ನಮಗೆ ಬರುತ್ತೆ ಅಂದರು ಗಲ್ಲಾದವರು. ಇಲ್ಲದಿದ್ದರೆ ಒಂದು ಸಲ ಖಾಲಿಯಾದದ್ದು ಖಾಲಿಯೇ. ಸುಮ್ನೆ ಹೆಸರಿಗಲ್ಲ, ಅದಕ್ಕೂ ಉಪಯೋಗ ಇದೆ ಅಲ್ವಾ.

ಆರನೆಯದು ಹೊಸದಲ್ಲ. ಅವರು ಕೊಟ್ಟದ್ದೂ ಅಲ್ಲ, ನಾನೇ ಕೇಳಿ ತೆಗೆದುಕೊಂಡೆ. ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು', 2011ರಲ್ಲಿ ಇದೇ ಪುರಸ್ಕಾರ ಬಂದ ಕಾದಂಬರಿ. ಡಿಸೋಜ ನಮ್ಮ ಸಾಗರದವರು. ಶರಾವತಿ ಯೋಜನೆಯಲ್ಲಿ ಸರ್ಕಾರಿ ಕೆಲಸದಲ್ಲಿದ್ದವರು, ಅಣೆಕಟ್ಟು ಕಟ್ಟುವುದನ್ನೂ ಊರು ಮುಳುಗುವುದನ್ನೂ ಹತ್ತಿರದಿಂದ ಕಂಡವರು. 2025ರ ಜನವರಿಯಲ್ಲಿ ತೀರಿಕೊಂಡರು. ನಿನಗೆ ನೆನಪಿರಬೇಕು, ಸಿಗಂದೂರಿಗೆ ಲಾಂಚಿನಲ್ಲಿ ಹೋಗುವಾಗ ಅಜ್ಜಿ ನೀರಿನ ಕಡೆ ಕೈತೋರಿಸಿ "ಅಲ್ಲೇ ನಮ್ಮ ತೋಟ" ಅಂತಿದ್ದರು. ನೀನು ಬಗ್ಗಿ ಬಗ್ಗಿ ನೋಡುತ್ತಿದ್ದೆ, ಅಡಿಕೆ ಮರದ ತುದಿ ಕಾಣುತ್ತೇನೋ ಅಂತ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಬಂದಾಗ ಅಜ್ಜಿಗೆ ನಿನ್ನಷ್ಟೇ ವಯಸ್ಸು. ಈಗ ಅಲ್ಲಿ ಸೇತುವೆ ಆಗಿದೆ. ಬಸ್ಸು ಭರ್ರನೆ ಹೋಗಿಬಿಡುತ್ತೆ, ಕೈತೋರಿಸುವಷ್ಟು ಹೊತ್ತು ಸಿಗಲ್ಲ. ನೀನು ಈ ಪುಸ್ತಕ ಓದಬೇಕು ಅಂತ ನನಗೆ ಆಸೆ ಇದೆ, ಮುಚ್ಚಿಡಲ್ಲ. ಆದರೂ ಅದನ್ನು ಕೊನೆಗೆ ಇಟ್ಟಿದ್ದೇನೆ.

ಇನ್ನೊಂದು ಮಾತು. ಮುನ್ನುಡಿ ಇದ್ದರೆ ಹಾರಿಸಿಬಿಡು. ನಮ್ಮಲ್ಲಿ ಮಕ್ಕಳ ಪುಸ್ತಕದ ಮುನ್ನುಡಿಯನ್ನು ದೊಡ್ಡವರು ದೊಡ್ಡವರಿಗೇ ಬರೆಯುತ್ತಾರೆ. ಮಕ್ಕಳ ಮನೋವಿಕಾಸ, ಪಾಲಕರ ಜವಾಬ್ದಾರಿ ಅಂತೆಲ್ಲ ಇರುತ್ತೆ. ಕತೆ ಶುರುವಾಗುವ ಮೊದಲೇ ನಿದ್ದೆ ಬರುತ್ತೆ. ನಾನು ಓದಿಕೊಳ್ಳುತ್ತೇನೆ ಬೇಕಾದರೆ.

ಪಾರ್ಸೆಲಿನಲ್ಲಿ ಒಂದು ಕವರ್ ಇದೆ. ಅದರಲ್ಲಿ ಆರು ಹಳೇ ಬಸ್ ಟಿಕೆಟ್ ಇಟ್ಟಿದ್ದೇನೆ. ಯಾವ ಪುಸ್ತಕ ಬೇಜಾರಾದರೂ ಅಲ್ಲೇ ಟಿಕೆಟ್ ಸಿಕ್ಕಿಸಿ ಮುಚ್ಚು. ಪೂರ್ತಿ ಓದಿದೆ ಅಂತ ನನಗಾಗಿ ಸುಳ್ಳು ಹೇಳಬೇಡ. ಭಾನುವಾರ ಫೋನ್ ಮಾಡಿದಾಗ ಪುಟದ ನಂಬರ್ ಹೇಳಿದರೆ ಸಾಕು, ಬರೆದಿಟ್ಟುಕೊಳ್ಳುತ್ತೇನೆ. ಡಿಸೆಂಬರಿನಲ್ಲಿ ಮತ್ತೆ ಕಣ್ಣು ತೋರಿಸಬೇಕು. ಅರ್ಧಕ್ಕೆ ಬಿಟ್ಟದ್ದು ಯಾವುದು ಅಂತ ಆ ಗಲ್ಲಾದವರು ಆಗಲೂ ಕೇಳದೇ ಬಿಡಲ್ಲ.

ಚಕ್ಕುಲಿ ರೂಮಿನವರಿಗೂ ಕೊಡು. ಡಬ್ಬಿ ಮಾತ್ರ ವಾಪಸ್ ತಾ, ಅಮ್ಮ ಈಗಲೇ ಎರಡು ಸಲ ಕೇಳಿದ್ದಾಳೆ.

ನಿನ್ನ
ಅಪ್ಪ